ಹಿಮದ ಸೈಕಲಿಗೆ ದಂಬೆಯ ಮಡ್‌ಗಾರ್ಡ್

ಸೈಕಲ್ ರಿಪೇರಿ ಮಾಡುವವನಿಗೆ ತಾಳ್ಮೆ ಬೇಕು ಎನ್ನುತ್ತಾರೆ. ಹಾಗೆ ಹೇಳುವವರು ಯಾರೂ ಸೈಕಲ್ ರಿಪೇರಿ ಮಾಡುವುದಿಲ್ಲ. ಅಲೆವೂರಿನಲ್ಲಿ ಅಂಗಡಿ ಇಟ್ಟುಕೊಂಡು ನನ್ನ ತಲೆ ಅರ್ಧ ನರೆತಿದೆ. ಇವನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರೆಲ್ಲ ಹೆಸರು. ಆದರೂ ಸಿಟ್ಟು ಬರಿಸುವ ಕೆಲಸಗಳೇ ದಾರಿ ಕೇಳಿಕೊಂಡು ನನ್ನಲ್ಲಿಗೆ ಬರುತ್ತವೆ. ಕಳೆದ ಮಳೆಗಾಲದಲ್ಲಿ ಒಂದೇ ಒಂದು ಸೈಕಲಿನ ಮಡ್‌ಗಾರ್ಡ್ ನನ್ನನ್ನು ಎಷ್ಟು ಸಲ ಕುದಿಸಿತು ಎಂದು ಹೇಳಿಬಿಡುತ್ತೇನೆ. ಹೊಟ್ಟೆಯೊಳಗೆ ಇಟ್ಟುಕೊಂಡರೆ ಬಿ.ಪಿ. ಏರುತ್ತದೆ.

೧. ಹಿಮ ಬೀಳುವ ಊರು

ಗದಗದ ಕಡೆಯವನೊಬ್ಬ ಇಲ್ಲೇ ಅಲೆವೂರಿನಲ್ಲಿ ರೂಮು ಮಾಡಿಕೊಂಡು ಮಣಿಪಾಲದ ಒಂದು ಶುದ್ಧ ಸಸ್ಯಾಹಾರಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದಾನೆ. ಓದು ಮುಗಿಸಿ ಊರಿಗೆ ಹೊರಟ ವಿದ್ಯಾರ್ಥಿಯೊಬ್ಬನಿಂದ ಅವನು ಒಂದು ಸೈಕಲ್ ಕೊಂಡಿದ್ದ. ಟಯರು ಮೋಟಾರ್ ಸೈಕಲಿನದಕ್ಕಿಂತ ದಪ್ಪ. ಮಡ್‌ಗಾರ್ಡ್ ಮಾತ್ರ ಹಿಂದೂ ಇಲ್ಲ, ಮುಂದೂ ಇಲ್ಲ. ಅವನು ತಿರುಗಿ ನಿಂತ. ಬಿಳಿ ಅಂಗಿಯ ಬೆನ್ನಿನ ಮೇಲೆ ಸೊಂಟದಿಂದ ಕುತ್ತಿಗೆಯವರೆಗೆ ಕೆಸರಿನ ಉದ್ದ ನಾಮ.

"ಅಣ್ಣಾರ, ಇದಕ್ಕೊಂದು ಮಡ್‌ಗಾರ್ಡ್ ಕುಂದರಸ್ರಿ. ಆರು ವರ್ಷ ಮುಸುರಿ ತಿಕ್ಕೇನ್ರಿ. ಈ ಅಂಗಿ ಸಿಕ್ಕು ಬರೇ ನಾಕು ತಿಂಗಳಾತು."

ವಿಷಯ ಏನೆಂದರೆ, ಹೋಟೆಲಿನ ಮ್ಯಾನೇಜರ್ ಅಡುಗೆಮನೆಯ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು: ಕೆಸರಾದ ಅಂಗಿಯಲ್ಲಿ ಬಂದವರು, ಯಾರೇ ಆಗಲಿ, ಆ ದಿನ ಪಾತ್ರೆ ತೊಳೆಯಬೇಕು. ಇವನಿಗೆ ಆಗಲೇ ಎರಡು ಸಲ ಆಗಿತ್ತು. ಮೂರನೆಯ ಸಲವಾದರೆ ಕಾಯಂ ಆಗಿ ತೊಟ್ಟಿಯ ಹತ್ತಿರವೇ ಎಂದು ಎಚ್ಚರಿಕೆ ಕೊಟ್ಟಿದ್ದರಂತೆ.

ನನಗೆ ಪಿತ್ತ ನೆತ್ತಿಗೇರಿತು. ನಾಲ್ಕು ತಿಂಗಳು ಮಳೆ ಹೊಯ್ಯುವ ಊರಿನಲ್ಲಿ ಮಡ್‌ಗಾರ್ಡ್ ಇಲ್ಲದ ಸೈಕಲ್ ಮಾರುವವನನ್ನು ಅದೇ ಸೈಕಲಿನ ಹಿಂದೆ ಕಟ್ಟಿ ಓಡಿಸಬೇಕು. ಉಡುಪಿಯ ಎರಡು ಅಂಗಡಿಗೆ, ಕಾರ್ಕಳದ ಒಂದು ಅಂಗಡಿಗೆ ಫೋನ್ ಮಾಡಿದೆ. ಇಷ್ಟು ದಪ್ಪದ ಟಯರಿಗೆ ಮಡ್‌ಗಾರ್ಡ್ ಬರುವುದೇ ಇಲ್ಲವಂತೆ.

"ಯಾಕೆ ಬರುವುದಿಲ್ಲ?" ಎಂದು ಕೂಗಿದೆ.

ಕಾರ್ಕಳದವರು ಸಮಾಧಾನವಾಗಿಯೇ ಹೇಳಿದರು. "ಅದು ಹಿಮದ ಮೇಲೆ ಬಿಡುವ ಸೈಕಲ್ ಮಾರಾಯ್ರೆ. ಹಿಮ ಸಿಡಿಯುವುದಿಲ್ಲ ಅಲ್ವಾ?"

"ಅಲೆವೂರಿನಲ್ಲಿ ಹಿಮ ಬೀಳ್ತದಾ?"

"ಇಲ್ಲ. ಹಾಗಾಗಿ ನಾವು ತರಿಸುವುದಿಲ್ಲ."

೨. ನಾಯಿ ತಂದ ಚಪ್ಪಲಿ

ಕೊನೆಗೆ ಹಿಂದಿನ ಚಕ್ರಕ್ಕಾದರೂ ಒಂದು ನಾನೇ ಮಾಡಲು ಕುಳಿತೆ. ಶಿರ್ವದಲ್ಲಿ ಗಲ್ಫಿನವರೊಬ್ಬರ ಮನೆ ಕಟ್ಟುವ ಕೆಲಸ ಮುಗಿದಿತ್ತು. ಮಾಡಿನ ನೀರು ಹಿಡಿಯಲು ಹಾಕುವ ಪಿವಿಸಿ ದಂಬೆಯ ತುಂಡೊಂದು ಅಲ್ಲಿ ಉಳಿದಿದ್ದನ್ನು ಕೇಳಿ ತಂದೆ. ಅಗಲ ಟಯರಿಗೆ ಸರಿ. ಉದ್ದ ಸ್ವಲ್ಪ ಕಡಿಮೆ, ಇರಲಿ ಎಂದುಕೊಂಡೆ. ಅಂಚನ್ನು ಅಲ್ಲಲ್ಲಿ ಕೊಯ್ದು, ಬೆಂಕಿಗೆ ಹಿಡಿದು ಬಗ್ಗಿಸಿದೆ. ಎರಡೂ ಕಡೆ ಆಧಾರಕ್ಕೆ ಹಳೆ ಕೊಡೆಯ ಕಡ್ಡಿ. ಹಿಡಿದುಕೊಳ್ಳಲು ಇಲೆಕ್ಟ್ರಿಷಿಯನ್‌ಗಳು ಗೋಡೆಯ ಪೈಪಿಗೆ ಹೊಡೆಯುವ ಕ್ಲಾಂಪು. ಗಡಗಡ ಎನ್ನದಂತೆ ನಡುವೆ ಕೊಡಲು ರಬ್ಬರ್ ವಾಷರ್ ಬೇಕಿತ್ತು.

ಅಷ್ಟರಲ್ಲಿ ಬೀದಿನಾಯಿಯೊಂದು ಒಂಟಿ ಹವಾಯಿ ಚಪ್ಪಲಿ ಕಚ್ಚಿಕೊಂಡು ಬಂದು ಅಂಗಡಿಯ ಎದುರು ಹಾಕಿ ಹೋಯಿತು. ದೇವರೇ ಕಳುಹಿಸಿದ್ದು ಎಂದು ಹಿಮ್ಮಡಿಯ ಕಡೆಯಿಂದ ಎಂಟು ಬಿಲ್ಲೆ ಕತ್ತರಿಸಿದೆ.

ಎಂಟನೆಯದು ಮುಗಿಯುವಾಗ ಪಕ್ಕದ ಹೋಮಿಯೋಪತಿ ಡಾಕ್ಟರ ಮೆಟ್ಟಿಲಿನಿಂದ ಹಿರಿಯರೊಬ್ಬರು ಒಂಟಿ ಕಾಲಲ್ಲಿ ಕುಂಟುತ್ತಾ ಇಳಿದರು. ಬಂದದ್ದು ಮಂಡಿನೋವಿಗೆ ಮದ್ದು ಕೇಳಲಿಕ್ಕೆ. ಒಂದು ಕಾಲಿನಲ್ಲಿ ಚಪ್ಪಲಿ ಉಂಟು, ಇನ್ನೊಂದರಲ್ಲಿ ಇಲ್ಲ. ನನ್ನ ಕೈಯಲ್ಲಿದ್ದ ತೂತುಬಿದ್ದ ಚಪ್ಪಲಿಯನ್ನು ಬಹಳ ಹೊತ್ತು ನೋಡಿದರು.

ತಪ್ಪು ನನ್ನದೇ. ಆದರೆ ತಪ್ಪು ಮಾಡಿದಾಗ ನನಗೆ ಸಿಟ್ಟು ಇನ್ನೂ ಜಾಸ್ತಿ. "ನಾಯಿ ಇರುವ ಬೀದಿಯಲ್ಲಿ ಚಪ್ಪಲಿ ಬಿಟ್ಟು ಹೋಗುವುದಾ?" ಎಂದು ಅವರ ಮೇಲೆಯೇ ರೇಗಿದೆ.

ಅವರು ಉಳಿದ ಚಪ್ಪಲಿಯನ್ನೂ ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು. "ಇದರಲ್ಲೂ ಎಂಟು ಆಗ್ತದೆ. ತಕ್ಕೊಳ್ಳಿ. ಪಾಪ, ಆ ನಾಯಿಗೆ ಎರಡೆರಡು ಸಲ ಕೆಲಸ ಯಾಕೆ?"

೩. ಬಂಗುಡೆ ಫ್ರೈ

ಮಡ್‌ಗಾರ್ಡ್ ಕೂಡಿಸುವುದರಲ್ಲಿ ನನ್ನದೊಂದು ಹಟ ಇದೆ. ಟಯರಿಗೂ ಮಡ್‌ಗಾರ್ಡಿಗೂ ನಡುವಿನ ಸಂದಿನಲ್ಲಿ ನನ್ನ ಕಿರುಬೆರಳು ಎಲ್ಲೂ ತಾಗದೆ ಸುತ್ತು ಬರಬೇಕು. ಈ ದಂಬೆಯೋ, ಮೇಲೆ ಸರಿಯಾದರೆ ಹಿಂದೆ ಉಜ್ಜುತ್ತದೆ, ಹಿಂದೆ ಸರಿಯಾದರೆ ಮೇಲೆ ಉಜ್ಜುತ್ತದೆ. ಎರಡು ದಿನ ಬೈದುಕೊಂಡೇ ಕೆಲಸ ಮಾಡಿದೆ. ಸಂದು ಕೊಡಲು ನಡುವೆ ತೂತಿರುವ, ಹಗುರವಾದ ಏನಾದರೂ ಬೇಕಿತ್ತು.

ಹೂಡೆಯ ನನ್ನ ಭಾವ ಮೀನುಗಾರಿಕೆಗೆ ಹೋಗುವವನು. ಬಲೆಯ ಅಂಚು ಮುಳುಗದಂತೆ ಕಟ್ಟುವ ತೇಲುಬಿಲ್ಲೆಗಳು ಅವನ ಹತ್ತಿರ ರಾಶಿ ಇದ್ದವು. ಹಳೆಯವು ನಾಲ್ಕನ್ನು ತಂದು ನಡುವೆ ಬೋಲ್ಟು ತೂರಿಸಿ ಬಿಗಿದೆ. ಕಿರುಬೆರಳು ಸಲೀಸಾಗಿ ಸುತ್ತು ಬಂತು. ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದೇನೆಂದು ನನಗೇ ನಂಬಿಕೆ ಬರಲಿಲ್ಲ. ಸಪ್ಲೈಯರ್ ಕೈಮುಗಿದು ಹೋದ.

ಮೂರನೆಯ ದಿನ ಮ್ಯಾನೇಜರರ ಫೋನ್. "ನೀವು ಸೈಕಲಿಗೆ ಎಂತ ಹಾಕಿದ್ದು?"

ವರ್ಷಗಟ್ಟಲೆ ಸಮುದ್ರದಲ್ಲಿದ್ದ ಬಿಲ್ಲೆಗಳು ಮಳೆನೀರಿಗೆ ನೆನೆದು ಹಳೆ ವಾಸನೆಯನ್ನೆಲ್ಲ ಬಿಟ್ಟಿದ್ದವು. ಸೈಕಲ್ ನಿಲ್ಲಿಸುವುದು ಹೋಟೆಲಿನ ಎದುರು ಬಾಗಿಲಿನ ಪಕ್ಕದಲ್ಲೇ. ಸುತ್ತಲಿನ ಬೆಕ್ಕುಗಳೆಲ್ಲ ಬೆಳಗ್ಗೆಯೇ ಬಂದು ಅದರ ಸುತ್ತ ಬಾಲ ಸುತ್ತಿಕೊಂಡು ಕೂರುತ್ತಿದ್ದವಂತೆ.

"ಬೆಕ್ಕು ಬಂದರೆ ಓಡಿಸಿ. ನನಗೆ ಯಾಕೆ ಫೋನ್?" ಎಂದೆ.

"ಬೆಕ್ಕಿನದ್ದು ಬಿಡಿ ಮಾರಾಯ್ರೆ. ಅವುಗಳನ್ನು ನೋಡಿ ಒಬ್ಬ ಗಿರಾಕಿ ಒಳಗೆ ಬಂದು ಕೂತು ಬಂಗುಡೆ ಫ್ರೈ ಕೇಳ್ತಾ ಇದ್ದಾನೆ. ಇಲ್ಲ ಅಂದರೆ ನಂಬುವುದಿಲ್ಲ."

೪. ಯಾರೇ ಆಗಲಿ

ಸಪ್ಲೈಯರ್ ಸೈಕಲ್ ತಳ್ಳಿಕೊಂಡು ಬಂದ. ಅವನ ಮುಖ ನೋಡಿ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಆರು ವರ್ಷ ತೊಟ್ಟಿಯ ಹತ್ತಿರ ನಿಂತು ಬಂದವನ ಅಂಗಿಯ ಮಾನ ನನ್ನ ಕೈಯಲ್ಲಿತ್ತು, ನಾನು ಅದಕ್ಕೆ ಮೀನಿನ ವಾಸನೆ ಹಚ್ಚಿದ್ದೆ. ತೇಲುಬಿಲ್ಲೆಗಳನ್ನು ಕಿತ್ತು ಬಿಸಾಡಿ, ಗಿಡಕ್ಕೆ ನೀರು ಬಿಡುವ ಪೈಪನ್ನು ತುಂಡು ಮಾಡಿ ಹಾಕಿದೆ. ಸಂದು ಸರಿಯಾಯಿತು, ವಾಸನೆಯೂ ಹೋಯಿತು.

ಮರುದಿನ ಬೆಳಗ್ಗೆ ಜೋರು ಮಳೆ ಆಗಷ್ಟೇ ನಿಂತಿತ್ತು. ಇವನು ರಸ್ತೆಯ ನೀರಿನಲ್ಲೇ ಧೈರ್ಯವಾಗಿ ಹೋಗಿ ಹೋಟೆಲ್ ಮುಟ್ಟಿದ. ಕನ್ನಡಿಯಲ್ಲಿ ಬೆನ್ನು ನೋಡಿಕೊಂಡ. ಒಂದು ಹನಿ ಇಲ್ಲ.

ನನ್ನ ದಂಬೆ ಉದ್ದದಲ್ಲಿ ಸ್ವಲ್ಪ ಕಡಿಮೆ ಎಂದೆನಲ್ಲ. ಟಯರು ಎತ್ತಿದ ನೀರೆಲ್ಲ ಬೆನ್ನಿಗೆ ಬೀಳುವ ಬದಲು ದಂಬೆಯ ತುದಿಯಿಂದ ನೇರ ಹಿಂದಕ್ಕೆ ಹಾರಿತ್ತು. ಹಿಂದೆ ಸ್ಕೂಟರಿನಲ್ಲಿ ಮ್ಯಾನೇಜರ್ ಬರುತ್ತಿದ್ದರು. ಏರಿನಲ್ಲಿ ಮುಂದೆ ಲಾರಿ, ದಾಟಲು ಜಾಗ ಇಲ್ಲ. ಹಾರ್ನ್ ಹೊಡೆದರೆ, ಬೇಗ ಹೋಗು ಎನ್ನುತ್ತಿದ್ದಾರೆಂದು ತಿಳಿದು ಇವನು ಇನ್ನೂ ಜೋರು ತುಳಿದನಂತೆ.

ಅವರು ಒಳಗೆ ಬಂದಾಗ ಹಣೆಯಿಂದ ಹೊಟ್ಟೆಯವರೆಗೆ ಕೆಸರಿನ ಒಂದೇ ಗೆರೆ. ಎಲ್ಲರೂ ಮೊದಲು ಅವರನ್ನು, ಆಮೇಲೆ ಬಾಗಿಲಿನ ಕಾಗದವನ್ನು ನೋಡಿದರು. ಗಲ್ಲಾದಲ್ಲಿದ್ದ ಯಜಮಾನರು ಕನ್ನಡಕ ಸರಿ ಮಾಡಿಕೊಂಡು, "ಇದನ್ನು ಬರೆದದ್ದು ನೀವೇ ಅಲ್ವಾ? ತೊಟ್ಟಿ ಆ ಕಡೆ ಉಂಟು" ಎಂದರು.

ಸಂಜೆ ಮ್ಯಾನೇಜರ್ ನೇರ ನನ್ನ ಅಂಗಡಿಗೆ ಬಂದರು. ದಿನವಿಡೀ ಪಾತ್ರೆ ತೊಳೆದು ಬೆರಳುಗಳು ಸುಕ್ಕುಗಟ್ಟಿದ್ದವು. ಜಗಳಕ್ಕೆ ನಾನು ಸಿದ್ಧವಾಗಿಯೇ ಇದ್ದೆ. ಸ್ಪ್ಯಾನರ್ ಕೆಳಗಿಡಲಿಲ್ಲ.

"ಕಾಗದ ಹರಿದು ಹಾಕಿದೆ," ಎಂದರು. "ಇನ್ನು ಅವನ ಸೈಕಲಿನ ಹಿಂದೆ ಎಂತಾದರೂ ತೂಗುಹಾಕಿ, ನೀರು ಹಾರದ ಹಾಗೆ. ಈಗಲೇ ಆಗಬೇಕು."

"ದಪ್ಪ ರಬ್ಬರ್ ಬೇಕು. ನನ್ನಲ್ಲಿ ಇಲ್ಲ," ಎಂದು ತಲೆ ತಗ್ಗಿಸಿದೆ. ಅಲ್ಲೇ ಎದುರಿಗೆ ಅವರ ಕಾಲು ಕಂಡಿತು. ಹೊಸ ರಬ್ಬರ್ ಚಪ್ಪಲಿ, ಒಳ್ಳೆಯ ದಪ್ಪ.

ಅವರು ನನ್ನನ್ನು ನೋಡಿದರು, ಚಪ್ಪಲಿಯನ್ನು ನೋಡಿದರು. ನಿಟ್ಟುಸಿರು ಬಿಟ್ಟು ಬಲಗಾಲಿನದನ್ನು ಬಿಚ್ಚಿಕೊಟ್ಟರು. ರಾತ್ರಿಯೇ ಹೋಗಿ ಸಪ್ಲೈಯರನ ರೂಮಿನ ಹೊರಗಿದ್ದ ಸೈಕಲಿಗೆ ಅದನ್ನು ತೂಗುಹಾಕಿ ಬಂದೆ.

ಮರುದಿನ ಸಪ್ಲೈಯರ್ ನನ್ನ ಅಂಗಡಿಯ ಎದುರು ಸೈಕಲ್ ನಿಲ್ಲಿಸಿ ಹಿಂದೆ ನೇತಾಡುತ್ತಿದ್ದುದನ್ನು ಗುರುತು ಹಿಡಿದ. ಗಾಬರಿಯಿಂದ, "ಅಣ್ಣಾರ, ಮ್ಯಾನೇಜರ್ ಸಾಹೇಬರ ಚಪ್ಪಲಿಗೆ ದಿನಾ ನಾ ಕೆಸರು ಸಿಡಸೂದು ತಪ್ಪಲ್ಲೇನ್ರಿ?" ಎಂದ.

"ಬೆನ್ನು ಬಿಳಿ ಉಂಟಾ?"

"ಉಂಟ್ರಿ."

"ಹಾಗಾದರೆ ಜೋರು ತುಳಿ," ಎಂದೆ. ಆ ಮಳೆಗಾಲದಲ್ಲಿ ನಾನು ಸಿಟ್ಟಿಲ್ಲದೆ ಆಡಿದ ಮಾತು ಅದೊಂದೇ.