ಡ್ರಿಲ್ ಮಾಸ್ತರು ಹಿಮಾಲಯಕ್ಕೆ ಹೊರಟದ್ದು

ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದವರು ಬೆಟ್ಟದ ಉಸಾಬರಿಗೆ ಹೋದರೆ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ. ನಮಗಂತೂ ಹೊರಡುವ ಎರಡು ತಿಂಗಳ ಮೊದಲೇ ಶುರುವಾಗಿತ್ತು.

ಪರ್ಸಿನ ಚಿತ್ರ

ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಅಕ್ಕೋರು. ನಮ್ಮ ಡ್ರಿಲ್ ಮಾಸ್ತರಿಗೆ ಆಗ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಮೂವತ್ತು ವರ್ಷ ಮೈದಾನದ ಗೇರು ಮರದ ಬುಡದಲ್ಲಿ ಕುರ್ಚಿ ಹಾಕಿ ಕೂತು, ಸೀಟಿ ಊದಿ ಮಕ್ಕಳನ್ನು ಓಡಿಸಿದ ಮನುಷ್ಯ. ತಾವು ಓಡಿದ್ದನ್ನು ಮಾತ್ರ ಕಂಡವರಿಲ್ಲ.

ನಾನೂ ನಮ್ಮನೆಯವರೂ ನೇಪಾಳದಲ್ಲಿ ಹಿಮಾಲಯದ ಶಿಖರದ ಬುಡದಲ್ಲಿರುವ ಬೇಸ್ ಕ್ಯಾಂಪಿಗೆ ಹನ್ನೆರಡು ದಿನದ ಟ್ರೆಕ್ ಹೋಗುತ್ತೇವೆ ಅಂತ ಸ್ಟಾಫ್ ರೂಮಿನಲ್ಲಿ ಹೇಳಿದೆ. ಮಾಸ್ತರು ಹೊರಗೆ ಹೋಗಿ ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗಿದು ಬಂದರು. "ಅಕ್ಕೋರೆ, ನಾನೂ ಬತ್ತೆ. ಸಾಯೂಕಿಂತ ಮೊದ್ಲು ಒಂದು ಸಲ ಹಿಮ ಮುಟ್ಟಬೇಕು." ಪರ್ಸಿನಿಂದ ಒಂದು ಚಿತ್ರ ತೆಗೆದರು. ಸಣ್ಣವರಿದ್ದಾಗ ಕ್ಯಾಲೆಂಡರಿನಿಂದ ಕತ್ತರಿಸಿಟ್ಟುಕೊಂಡ ಹಿಮಾಲಯ. ಮಡಿಕೆ ಬಿದ್ದು ಬಿದ್ದು ಶಿಖರವೇ ಹರಿದುಹೋಗಿತ್ತು. ಅವತ್ತೇ ಟ್ರೆಕ್ಕಿನವರಿಗೆ ಮಾಸ್ತರ ಹೆಸರನ್ನೂ ಬರೆದು ಕಳಿಸಿದೆ.

ಟ್ರೆಕ್ಕಿನವರಿಗೆ ಡಾಕ್ಟರ ಸಹಿ ಇರುವ ಫಾರಂ ಬೇಕು, ಇಲ್ಲವಾದರೆ ಕರೆದೊಯ್ಯುವುದಿಲ್ಲ. ಡಾಕ್ಟರು ಮಾಸ್ತರ ಹಳೇ ವಿದ್ಯಾರ್ಥಿ, ಕಣ್ಣು ಮುಚ್ಚಿ ಸಹಿ ಹಾಕುತ್ತಾನೆ ಅಂತ ಇವರ ಧೈರ್ಯ. ಡಾಕ್ಟರು ಆರು ಕಿಲೋ ಇಳಿಸಿಕೊಂಡು ಬನ್ನಿ ಅಂದರು. ತಡವಾಗಿ ಬಂದದ್ದಕ್ಕೆ ಆ ಹುಡುಗನನ್ನು ಎಷ್ಟು ಸುತ್ತು ಓಡಿಸಿದ್ದೆ ಅನ್ನುವುದು ಮಾಸ್ತರಿಗೆ ಮರೆತಿತ್ತು. ಹುಡುಗನಿಗೆ ಮರೆತಿರಲಿಲ್ಲ.

ಕಾಯಿ ಚೀಲ

ಬೆನ್ನಿಗೆ ಭಾರ ಹೊತ್ತು ನಡೆದು ರೂಢಿ ಮಾಡಿಕೊಳ್ಳಿ ಅಂತ ಟ್ರೆಕ್ಕಿನವರು ಬರೆದಿದ್ದರು. ಮಾಸ್ತರು ಚೀಲಕ್ಕೆ ಹನ್ನೆರಡು ತೆಂಗಿನಕಾಯಿ ತುಂಬಿಕೊಂಡು ದಿನಾ ಬೆಳಿಗ್ಗೆ ದಂಡೆಯ ಮೇಲೆ ಹೊರಟರು.

ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಎದುರಾದಳು. "ಎಂತ ಮಾಸ್ತರೆ, ಕಾಯಿ ಮಾರೂಕೆ ಹೊಂಟ್ರಾ?"

"ಅಲ್ಲ ಮಾರಾಯ್ತಿ, ಹಿಮಾಲಯಕ್ಕೆ ಹೋಗೂದದೆ. ಭಾರ ಹೊರೂಕೆ ಅಭ್ಯಾಸ."

"ಅದಕ್ಕೂ ಅಭ್ಯಾಸ ಬೇಕಾ? ನಾ ಮೂವತ್ತು ವರ್ಷದಿಂದ ಹೊರ್ತೆ, ನನ್ನ ಯಾರೂ ಹಿಮಾಲಯಕ್ಕೆ ಕರೂದಿಲ್ಲ. ಎರಡು ಕಾಯಿ ಕೊಡಿ, ಸಾರಿಗಿಲ್ಲ."

ಮಾಸ್ತರು ಕೊಟ್ಟರು. ಅವಳೂ ಸುಮ್ಮನೆ ಇಸಿದುಕೊಳ್ಳುವವಳಲ್ಲ, ಎಂಟು ಬಂಗಡೆ ಹಾಕಿದಳು. ವಾರದೊಳಗೆ ದಂಡೆಯ ಹೆಂಗಸರೆಲ್ಲ ಮಾಸ್ತರ ಹಾದಿ ಕಾಯತೊಡಗಿದರು. ದಿನಾ ಬಂಗಡೆ ಹುರಿದು ಹುರಿದು ಬೇಸತ್ತ ಅವರ ಹೆಂಡತಿ, "ತೂಕ ಇಳೀತಾ?" ಅಂತ ಕೇಳಿದರಂತೆ.

"ಇಳೀತೇ, ಚೀಲದ್ದು" ಅಂದರಂತೆ ಮಾಸ್ತರು.

ಯಾತ್ರೆಯ ಊಟ

ನಮ್ಮಲ್ಲಿ ಕಾಶಿಗೆ ಹೊರಟವರನ್ನು ನೆಂಟರು ಮನೆಗೆ ಕರೆದು ಊಟ ಹಾಕಿ ಕಳಿಸುತ್ತಾರೆ. ಇದು ಕಾಶಿಯಲ್ಲ, ಬೇಸ್ ಕ್ಯಾಂಪು ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಹಿಮಾಲಯ ಅಂದ ಮೇಲೆ ಯಾತ್ರೆಯೇ, ಮಾತೇ ಇಲ್ಲ.

ಕಾಯ್ಕಿಣಿಯಲ್ಲಿ ಮಾಸ್ತರ ತಂಗಿ ಹೋಳಿಗೆ ಬಡಿಸಿದಳು. ಸಂತೆಗುಳಿಯ ಭಾವನ ಮನೆಯಲ್ಲಿ ಎರಡು ಬಗೆ ಪಾಯಸ. ಬೆಳಕೆಯಲ್ಲಿ ನಮ್ಮತ್ತೆ ಮಾಸ್ತರನ್ನೂ ಕರೆದು ಕೋಳಿ ಸಾರು ಮಾಡಿದ್ದರು. "ಅತ್ತೆ, ಯಾತ್ರೆಗೆ ಹೋಗುವವರಿಗೆ ಕೋಳಿಯಾ?" ಅಂದೆ. "ಅಲ್ಲಿ ಸಿಕ್ಕೂದಿಲ್ಲ ಅಲ್ಲನೇ?" ಅಂದರು. ಬೇಡ ಅಂದರೆ ಅಪಶಕುನವಂತೆ, ಮಾಸ್ತರು ಎಲ್ಲಿಯೂ ಬೇಡ ಅನ್ನಲಿಲ್ಲ.

ತಿಂಗಳ ಮೇಲೆ ಡಾಕ್ಟರು ತೂಕದ ಯಂತ್ರ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಮೂರು ಕಿಲೋ ಹೆಚ್ಚಾಗಿತ್ತು. ಮಾಸ್ತರು ನೆಲ ನೋಡುತ್ತ ನಿಂತರು. ಜೊತೆಗೆ ನಾನೂ ಹೋಗಿದ್ದೆ. ಈ ಜನ್ಮದಲ್ಲಿ ಇವರಿಗೆ ಹಿಮ ಇಲ್ಲ ಅಂದುಕೊಂಡೆ.

ಡಾಕ್ಟರು ಕೈ ಚಾಚಿದರು. "ತೂಕದ ಕತೆ ಬಿಡಿ ಮಾಸ್ತರೆ. ಇನ್ನೊಂದು ತಿಂಗಳಲ್ಲಿ ಮೈದಾನಕ್ಕೆ ನಿಲ್ಲದೆ ಐದು ಸುತ್ತು ಓಡಿದ್ರೆ ಸಹಿ. ಕೊರಳಲ್ಲಿರೂ ಆ ಸೀಟಿ ಕೊಡಿ ಇಲ್ಲಿ."

ಐದು ಸುತ್ತು

ಮರುದಿನ ಬೆಳಿಗ್ಗೆ ಗೇರು ಮರದ ಕೆಳಗೆ, ಅದೇ ಕುರ್ಚಿಯಲ್ಲಿ, ಬಾಯಲ್ಲಿ ಸೀಟಿ ಇಟ್ಟುಕೊಂಡು ಡಾಕ್ಟರು ಕೂತಿದ್ದರು. ಮಾಸ್ತರು ಅರ್ಧ ಸುತ್ತಿಗೇ ನಿಂತುಬಿಟ್ಟರು.

"ಹೊಟ್ಟೆ ಹಿಡ್ಕಂತು ಮಾರಾಯಾ."

"ಈ ನೆಪ ನಾನೂ ಹೇಳಿದ್ದೆ. ನೀವು ಎಂತ ಅಂದಿದ್ರಿ?"

"ಓಡಿದ್ರೆ ಬಿಡ್ತದೆ ಅಂದಿದ್ದೆ."

"ಓಡಿ."

ಆ ತಿಂಗಳು ಶಾಲೆಗೆ ಒಂದು ಮಗುವೂ ತಡವಾಗಿ ಬರಲಿಲ್ಲ. ಇಂಥ ತಮಾಷೆ ಯಾರು ಬಿಡುತ್ತಾರೆ! ಕೊನೆಯ ದಿನ ಐದನೇ ಸುತ್ತಿನಲ್ಲಿ ಮಾಸ್ತರ ಕಾಲು ಎಳೆಯತೊಡಗಿತು. ಮಕ್ಕಳು ಪಕ್ಕದಲ್ಲಿ ಓಡಿದರು. ಡಾಕ್ಟರೂ ಕುರ್ಚಿ ಬಿಟ್ಟೆದ್ದು, "ಆತು ಮಾಸ್ತರೆ, ಇನ್ನೆಂತ, ಇಷ್ಟೇ!" ಅಂತ ಕೂಗುತ್ತ ಜೊತೆಗೆ ಓಡಿದರು. ಮುಗಿದಾಗ ಇಬ್ಬರ ಕಣ್ಣೂ ಒದ್ದೆ. ಈಗಲೂ ಆ ಮೈದಾನ ದಾಟುವಾಗ ನನಗೆ ಅದೇ ಬೆಳಿಗ್ಗೆ ನೆನಪಾಗಿ ಎದೆ ತುಂಬುತ್ತದೆ.

ಡಾಕ್ಟರು ಸೀಟಿ ವಾಪಸು ಕೊಟ್ಟು, ಫಾರಮ್ಮನ್ನು ಮಾಸ್ತರ ಬೆನ್ನ ಮೇಲೇ ಇಟ್ಟು ಸಹಿ ಹಾಕಿದರು. ಬೆವರಿಗೆ ಶಾಯಿ ಹರಡಿ ಸಹಿ ಹೋಯಿತು. ಇನ್ನೊಂದು ಫಾರಂ ತರಬೇಕಾಯಿತು.

ಬಿಟ್ಟು ಬಂದದ್ದು

ಕಾಶಿಗೆ ಹೋದವರು ಇಷ್ಟದ್ದೊಂದನ್ನು ಅಲ್ಲೇ ಬಿಟ್ಟು ಬರಬೇಕು. ಬಿಟ್ಟದ್ದನ್ನು ಮತ್ತೆ ಮುಟ್ಟುವಂತಿಲ್ಲ. ರೈಲು ಹೊರಡುವಾಗ ಮಾಸ್ತರ ಹೆಂಡತಿ ಕಿಟಕಿಗೆ ಬಂದು ಹೇಳಿದ್ದು ಒಂದೇ ಮಾತು. "ಕವಳ ಬಿಟ್ಟು ಬನ್ನಿ."

ಏದುಸಿರು ಬಿಡುತ್ತ ಎಂಟನೇ ದಿನ ಬೇಸ್ ಕ್ಯಾಂಪು ಮುಟ್ಟಿದೆವು. ಮಾಸ್ತರು ಕೈಗವಸು ಕಳಚಿ, ಎರಡೂ ಕೈಯಲ್ಲಿ ಹಿಮ ತೆಗೆದು ಕೆನ್ನೆಗೆ ಒತ್ತಿಕೊಂಡು ಅತ್ತರು. ನಾನೂ ಅತ್ತೆ. ಹರಿದ ಚಿತ್ರವನ್ನು ಪರ್ಸಿನಿಂದ ತೆಗೆದು ಒಮ್ಮೆ ಬೆಟ್ಟ, ಒಮ್ಮೆ ಚಿತ್ರ ನೋಡಿದರು.

ಊರಿಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕೇಳಿದರು. "ಬಿಟ್ರಾ?"

"ಬಿಟ್ಟೆ."

"ಕವಳ?"

"ಅಲ್ಲ, ಮೇಲೆ ಹತ್ತೂದು. ಅದಕ್ಕಿಂತ ಇಷ್ಟದ್ದು ಬೇರೆ ಇಲ್ಲ ಅಂತ ಅಲ್ಲಿ ಗೊತ್ತಾತು."

ಬಿಟ್ಟದ್ದನ್ನು ಮಾಸ್ತರು ಮತ್ತೆ ಮುಟ್ಟಲಿಲ್ಲ. ಈಗ ನಿವೃತ್ತಿಯಾಗಿದ್ದಾರೆ, ತಿಂಗಳಿಗೊಮ್ಮೆ ಬಿಪಿ ನೋಡಿಸಬೇಕು. ಡಾಕ್ಟರ ದವಾಖಾನೆ ಇರುವುದು ಮಾಳಿಗೆಯ ಮೇಲೆ, ಇಪ್ಪತ್ತೆರಡು ಮೆಟ್ಟಿಲು. ಮಾಸ್ತರು ಕೆಳಗಿನ ಚಾದಂಗಡಿಯ ಬೆಂಚಿನಲ್ಲಿ ಕವಳ ಹಾಕಿಕೊಂಡು ಕೂರುತ್ತಾರೆ. ಕವಳ ಮುಗಿದ ಮೇಲೆ ಕಿಸೆಯಿಂದ ಸೀಟಿ ತೆಗೆದು ಒಂದೇ ಸಲ ಊದುತ್ತಾರೆ.

ಮೇಲಿಂದ ಡಾಕ್ಟರು ಬಿಪಿ ಯಂತ್ರ ಹಿಡಿದು ಓಡಿ ಬರುತ್ತಾರೆ.