ಲೈಸೆನ್ಸಿನಲ್ಲಿ ಎರಡನೇ ಹೆಸರು

ಕಣ್ಣಳತೆ ಮೇಸ್ತ್ರಿಯ ಅಂದಿನ ಫಜೀತಿಗೆಲ್ಲ ಮೂಲ ಅರ್ಜಿಯಲ್ಲಿದ್ದ ಒಂದು ಖಾಲಿ ಕಾಲಂ. ಅದನ್ನು ಅದರ ಪಾಡಿಗೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅರ್ಜಿ ತುಂಬಿಕೊಟ್ಟವರು ಪಕ್ಕದ ಮನೆಯ ಅರ್ಜಿ ಮಾಮ. ಮೂವತ್ತೈದು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದ ಅವರಿಗೆ ಖಾಲಿ ಕಾಲಂ ಕಂಡರೆ, ಉಳಿದವರಿಗೆ ಸುರಿಯುತ್ತಿರುವ ನಲ್ಲಿ ಕಂಡ ಹಾಗೆ. ಎದ್ದು ಹೋಗಿ ಮುಚ್ಚದೆ ಸಮಾಧಾನವಿಲ್ಲ.

ಮೇಸ್ತ್ರಿ ಒಂದು ಕಣ್ಣು ಮುಚ್ಚಿ ಗೋಡೆಯನ್ನು ದಿಟ್ಟಿಸಿ "ನೆಟ್ಟಗಿದೆ" ಎಂದುಬಿಟ್ಟರೆ ಮುಗಿಯಿತು, ಆಮೇಲೆ ತೂಗುಗುಂಡು, ಟೇಪು ಯಾವುದನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಹೆಸರು ಬಂದದ್ದು ಹಾಗೆ. ಇಪ್ಪತ್ತೆರಡು ವರ್ಷದಲ್ಲಿ ನಲವತ್ತು ಮನೆ ಕಟ್ಟಿದ್ದ. ಒಂದೂ ಬಿದ್ದಿರಲಿಲ್ಲ. ಒಂದೆರಡು ಮಾತ್ರ, ಬಸ್ಸು ಬಂತೇ ಎಂದು ಕತ್ತು ಚಾಚಿ ನೋಡುವವರಂತೆ ರಸ್ತೆಯ ಕಡೆಗೆ ಸ್ವಲ್ಪ ಬಾಗಿದ್ದವು.

ಈಗ ಹೊಸ ಕಾಯ್ದೆ ಬಂದಿತ್ತು. ರಾಜ್ಯದಲ್ಲಿ ಮನೆ ಕಟ್ಟುವ ಪ್ರತಿಯೊಬ್ಬ ಕಂಟ್ರಾಕ್ಟರೂ ಹೆಸರು ನೋಂದಾಯಿಸಿ, ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಅದರ ನಂಬರನ್ನು ಕೆಲಸದ ಜಾಗದಲ್ಲಿ ಹಲಗೆಯ ಮೇಲೆ ಬರೆಸಿ ನಿಲ್ಲಿಸಬೇಕು. ಮೇಸ್ತ್ರಿ ಆಗ ಹಲ್ಲಿನ ಡಾಕ್ಟರಮ್ಮನ ಮನೆ ಕಟ್ಟುತ್ತಿದ್ದ. ಗೋಡೆ ಬಾಗಿಲ ಎತ್ತರ ದಾಟಿತ್ತು. ಡಾಕ್ಟರಮ್ಮ ಒಳ್ಳೆಯ ಹೆಂಗಸು, ಆದರೆ ಕೀಳಬೇಕಾದ ಹಲ್ಲನ್ನು ಕೀಳದೆ ಬಿಟ್ಟವರಲ್ಲ. ಈ ಸಂಜೆ ಐದು ಗಂಟೆಯೊಳಗೆ ಲೈಸೆನ್ಸ್ ತೋರಿಸದಿದ್ದರೆ ನಾಳೆಯಿಂದ ಬೇರೆ ಕಂಟ್ರಾಕ್ಟರ್ ಬರುತ್ತಾರೆ ಎಂದು ಮೆತ್ತಗೆ ಹೇಳಿದ್ದರು. ಮೇಸ್ತ್ರಿಯ ಜೊತೆ ಹನ್ನೊಂದು ವರ್ಷದಿಂದ ದುಡಿಯುತ್ತಿದ್ದ ಐದು ಜನ ಆಳುಗಳು ಅದನ್ನು ಕೇಳಿಸಿಕೊಂಡಿದ್ದರು. ಅವರು ಮೇಸ್ತ್ರಿಯ ಮುಖ ನೋಡಿ, ಮತ್ತೆ ಬುಟ್ಟಿ ಎತ್ತಿಕೊಂಡರು. ಬೈದಿದ್ದರೇ ವಾಸಿಯಿತ್ತು.

ಪರೀಕ್ಷೆ ಹತ್ತು ಗಂಟೆಗೆ. ಒಂದು ತಿಂಗಳಿನಿಂದ ಓದು ನಡೆದಿತ್ತು. ಓದು ಅಂದರೆ, ಪುಸ್ತಕ ತೆರೆದರೆ ಎರಡನೆಯ ಸಾಲಿಗೆ ಮೇಸ್ತ್ರಿಗೆ ತೂಕಡಿಕೆ ಬರುತ್ತಿದ್ದುದರಿಂದ, ದಿನಾ ಸಂಜೆ ಅವನ ಅತ್ತೆ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದುವುದು, ಇವನು ಗೋಡೆಗೊರಗಿ ಕೇಳುವುದು. ಮಗಳ ಮನೆಯಲ್ಲೇ ಇದ್ದ ಅತ್ತೆ ನಲವತ್ತು ವರ್ಷ ಟೈಲರ್ ಕೆಲಸ ಮಾಡಿದವರು. ಪುಸ್ತಕ ಮೂರು ಸಲ ಮುಗಿಯಿತು. ಮೇಸ್ತ್ರಿ ಕೇಳಿಸಿಕೊಂಡದ್ದು ಒಂದು ಸಲದಷ್ಟಾದರೂ ಇರಬಹುದು.

ಒಂಬತ್ತೂವರೆಗೇ ಅರ್ಜಿ ಮಾಮನ ಸ್ಕೂಟರಿನಲ್ಲಿ ಇಬ್ಬರೂ ಲೈಸೆನ್ಸ್ ಕಚೇರಿ ಮುಟ್ಟಿದರು. ಮೇಜಿನ ಹಿಂದಿದ್ದ ಅಧಿಕಾರಿಣಿ ಪ್ರವೇಶ ಪತ್ರ ನೋಡಿದರು, ಮೇಸ್ತ್ರಿಯ ಮುಖ ನೋಡಿದರು, ಅವನ ಬೆನ್ನ ಹಿಂದೆ ಬಗ್ಗಿ ನೋಡಿದರು.

"ಇನ್ನೊಬ್ರು ಎಲ್ಲಿ?"

ಯಾವ ಇನ್ನೊಬ್ಬರು ಎಂದು ಮೇಸ್ತ್ರಿ ಕೇಳಿದ. ಅವರು ಪ್ರವೇಶ ಪತ್ರವನ್ನು ತಿರುಗಿಸಿ ಬೆರಳಿಟ್ಟು ತೋರಿಸಿದರು. ಸಂಸ್ಥೆಯ ಮಾಲೀಕರು ಎಂಬಲ್ಲಿ ಅವನ ಹೆಸರಿತ್ತು. ಅದರ ಕೆಳಗೆ, ಸಂಸ್ಥೆಯ ಎರಡನೆಯ ಪ್ರತಿನಿಧಿ ಎಂಬಲ್ಲಿ, ಅತ್ತೆಯ ಹೆಸರು ಅಚ್ಚುಕಟ್ಟಾಗಿ ಕೂತಿತ್ತು.

ಮೇಸ್ತ್ರಿ ನಿಧಾನವಾಗಿ ಅರ್ಜಿ ಮಾಮನ ಕಡೆ ತಿರುಗಿದ. ಮಾಮ ಗಂಟಲು ಸರಿಮಾಡಿಕೊಂಡರು. ಖಾಲಿ ಬಿಟ್ಟ ಅರ್ಜಿ ವಾಪಸ್ಸು ಬರುತ್ತದೆಂದು ತಾವು ಏನೋ ಒಂದು ತುಂಬಿದ್ದಾಗಿ ವಿವರಿಸಿದರು. ಮೇಸ್ತ್ರಿಯ ಹೆಂಡತಿಯ ಹೆಸರು ಹಾಕೋಣವೆಂದರೆ ಆಕೆ ಆಸ್ಪತ್ರೆಯಲ್ಲಿ ನರ್ಸು, ಆವತ್ತು ಡ್ಯೂಟಿಗೆ ಹೋಗಿದ್ದಳು. ಅತ್ತೆಯ ಗುರುತಿನ ಚೀಟಿಯ ಜೆರಾಕ್ಸ್ ಟೀವಿಯ ಮೇಲೇ ಇತ್ತು.

ಅಧಿಕಾರಿಣಿ ನಿಯಮ ಹೇಳಿದರು. ಹೆಸರು ಕೊಟ್ಟವರೆಲ್ಲ ಒಟ್ಟಿಗೆ ಪರೀಕ್ಷೆಗೆ ಕೂರಬೇಕು. ಒಬ್ಬರು ಬರದಿದ್ದರೆ ಇಬ್ಬರೂ ಗೈರುಹಾಜರು. ಮುಂದಿನ ಪರೀಕ್ಷೆ ಮೂರು ತಿಂಗಳಿಗೆ. ಆ ಹೆಸರು ಹೊಡೆದುಹಾಕಬಹುದೇ ಎಂದರೆ, ಹಾಕಬಹುದು, ಅದಕ್ಕೆ ಬೇರೆ ಅರ್ಜಿ, ಎಂಟು ದಿನ.

ಮೇಸ್ತ್ರಿ ಫೋನ್ ಮಾಡಿದ. ಹೊಲಿಗೆ ಯಂತ್ರದ ಕಟಕಟದ ನಡುವೆ ಅತ್ತೆ ಎರಡು ಸಲ ಕೇಳಿಸಿಕೊಂಡರು.

"ಪರೀಕ್ಷೆ ಇರೋದು ನಿಮಗೆ. ನಾನ್ಯಾವ ಮನೆ ಕಟ್ಟಬೇಕು ಈಗ?" ಎಂದರು.

ಏನೂ ಕಟ್ಟುವುದು ಬೇಡ, ಬಂದು ಕುರ್ಚಿಯ ಮೇಲೆ ಒಂದು ಗಂಟೆ ಕೂತರೆ ಸಾಕು, ಕಂಪ್ಯೂಟರಿನಲ್ಲಿ ಕೈಗೆ ಬಂದದ್ದು ಒತ್ತಿ ಎಂದು ಮೇಸ್ತ್ರಿ ಅಂಗಲಾಚಿದ. ಪರೀಕ್ಷೆಗೆ ಕೂತು ಕೈಗೆ ಬಂದದ್ದು ಒತ್ತುವ ಜಾತಿ ತಮ್ಮದಲ್ಲ ಎಂದು ಹೇಳಿ ಅತ್ತೆ ಫೋನಿಟ್ಟರು. ಇಟ್ಟದ್ದು ಬರುತ್ತೇನೆ ಎಂದೋ ಬರುವುದಿಲ್ಲ ಎಂದೋ ತಿಳಿಯಲಿಲ್ಲ. ಕೇಳಲು ಪುರುಸೊತ್ತೂ ಇರಲಿಲ್ಲ.

ಸ್ಕೂಟರಿನಲ್ಲಿ ಮೂವರು ಹಿಡಿಯುವುದಿಲ್ಲವಾದ್ದರಿಂದ ಅರ್ಜಿ ಮಾಮನನ್ನು ಕಚೇರಿಯಲ್ಲೇ ಬಿಟ್ಟು ಮೇಸ್ತ್ರಿ ಮನೆಗೆ ಹಾರಿದ. ಅತ್ತೆ ಗೇಟಿನಲ್ಲೇ ನಿಂತಿದ್ದರು, ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಇನ್ನೊಂದು ಹೆಲ್ಮೆಟ್ ಎಲ್ಲಿ ಎಂದು ಕೇಳಿದರು. ತಲೆಗೇನಾದರೂ ಹಾಕದೆ ಹಿಂದೆ ಕೂರುವುದಿಲ್ಲ ಎಂದು ಹಟ ಹಿಡಿದರು. ಮೇಸ್ತ್ರಿ ಒಳಗೆ ಓಡಿ, ಕೈಗೆ ಸಿಕ್ಕ ಹಳದಿ ಟೋಪಿ ತಂದುಕೊಟ್ಟ. ಅದು ಕಟ್ಟಡದ ಕೆಲಸದಲ್ಲಿ ಹಾಕುವ ಟೋಪಿ. ಅವನು ಕೊಂಡ ದಿನದಿಂದ ಒಮ್ಮೆಯೂ ಹಾಕದ್ದರಿಂದ ಫಳಫಳ ಹೊಳೆಯುತ್ತಿತ್ತು.

ಇತ್ತ ಅರ್ಜಿ ಮಾಮ ಸುಮ್ಮನೆ ಕೂತಿರಲಿಲ್ಲ. ಅಧಿಕಾರಿಣಿಯ ಮೇಜಿನ ಮೇಲಿದ್ದ ಹಾಜರಿ ಪಟ್ಟಿಯಲ್ಲಿ ಎರಡನೆಯ ಪ್ರತಿನಿಧಿಯ ಎದುರು 'ಅನುಭವ' ಎಂಬ ಕಾಲಂ ಖಾಲಿಯಿತ್ತು. ಅವರಿಗೆ ತಡೆಯಲಾಗಲಿಲ್ಲ. ತುಂಬಲೇ ಎಂದು ಕೇಳಿ, ಒಪ್ಪಿಗೆ ಪಡೆದು, ಮುತ್ತಿನಂಥ ಅಕ್ಷರದಲ್ಲಿ ಬರೆದರು: ಅಳತೆ ಮತ್ತು ಕತ್ತರಿಸುವ ಕೆಲಸ, ನಲವತ್ತು ವರ್ಷ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಹತ್ತಕ್ಕೆ ಎರಡು ನಿಮಿಷವಿದ್ದಾಗ ಹಳದಿ ಟೋಪಿ, ಕೊರಳಲ್ಲಿ ಟೇಪು, ಕೈಯಲ್ಲಿ ಕನ್ನಡಕದ ಡಬ್ಬಿಯೊಂದಿಗೆ ಅತ್ತೆ ಒಳಗೆ ಬಂದರು. ಅಧಿಕಾರಿಣಿ ಅನುಭವದ ಕಾಲಂ ಓದಿ, ಮತ್ತೆ ಅತ್ತೆಯನ್ನು ನೋಡಿ, ಎದ್ದು ನಿಂತು ಕುರ್ಚಿ ತೋರಿಸಿದರು. ಮೇಸ್ತ್ರಿಗೆ ಯಾರೂ ಎದ್ದಿರಲಿಲ್ಲ.

ಪರೀಕ್ಷೆ ಕಂಪ್ಯೂಟರಿನಲ್ಲಿ. ಐವತ್ತು ಪ್ರಶ್ನೆ, ಒಂದು ಗಂಟೆ, ಮೂವತ್ತು ಬಂದರೆ ಪಾಸು. ಮೊದಲ ಪ್ರಶ್ನೆಯೇ ಮೇಸ್ತ್ರಿಯ ಎದೆಗೆ ನಾಟಿತು. ಮನೆ ಕಟ್ಟಿಸುವವರೊಂದಿಗೆ ಒಪ್ಪಂದ ಹೇಗಿರಬೇಕು? ಇಪ್ಪತ್ತೆರಡು ವರ್ಷವೂ ಅವನ ಒಪ್ಪಂದ ತಲೆಯಾಡಿಸುವುದರಲ್ಲೇ ಮುಗಿದಿತ್ತು. ಕೊಟ್ಟಿದ್ದ ನಾಲ್ಕು ಉತ್ತರಗಳಲ್ಲಿ ತಲೆಯಾಡಿಸುವುದು ಇರಲಿಲ್ಲ. ಕಾಂಕ್ರೀಟು, ಮರಳು, ಇಟ್ಟಿಗೆಯ ಪ್ರಶ್ನೆಗಳಿಗೆ ಅವನ ಕೈಗೆ ಉತ್ತರ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಆಳುಗಳ ವಿಮೆ, ಅಪಘಾತದ ವರದಿ, ಲೈಸೆನ್ಸ್ ನವೀಕರಣದ ಅವಧಿ ಇವುಗಳಲ್ಲಿ ಕೈಗೂ ಗೊತ್ತಿರಲಿಲ್ಲ. ಬೆವರು ಕತ್ತಿನಿಂದಿಳಿದು ಬೆನ್ನಿನಲ್ಲಿ ಕಾಲುವೆ ತೋಡಿತು.

ಮೂರು ಸಾಲು ಮುಂದೆ ಅತ್ತೆ ಕೈ ಎತ್ತಿದರು. ಮೇಸ್ತ್ರಿಯ ಜೀವ ಹಾರಿತು. ಈ ಮೌಸು ಹಲ್ಲಿಯ ಹಾಗೆ ಜಾರಿಕೊಳ್ಳುತ್ತದೆ, ಹೇಗೆ ಹಿಡಿಯಬೇಕು ಎಂದು ಅವರು ಮೇಲ್ವಿಚಾರಕನನ್ನು ಕೇಳುತ್ತಿದ್ದರು. ಅವನು ತೋರಿಸಿಕೊಟ್ಟ. ಆಮೇಲೆ ಅತ್ತೆಯ ಬಲಗಾಲು ಮೇಜಿನ ಕೆಳಗೆ ಹೊಲಿಗೆ ಯಂತ್ರ ತುಳಿಯುವಂತೆ ಮೇಲೆ ಕೆಳಗೆ ಆಡತೊಡಗಿತು. ಇಪ್ಪತ್ತೈದೇ ನಿಮಿಷಕ್ಕೆ ಅವರು ಎದ್ದರು. ಹೊರಗೆ ಹೋಗುವಾಗ ಅಳಿಯನ ಪರದೆಯ ಮೇಲೆ ಒಮ್ಮೆ ಕಣ್ಣಾಡಿಸಿ, ಯಾರೋ ಬಟ್ಟೆಯನ್ನು ಅಡ್ಡಾದಿಡ್ಡಿ ಕತ್ತರಿಸಿದ್ದನ್ನು ಕಂಡಂತೆ ನಿಟ್ಟುಸಿರು ಬಿಟ್ಟರು.

ಗಂಟೆ ಮುಗಿದು ಮೇಸ್ತ್ರಿ ಹೊರಬಂದಾಗ ಅರ್ಜಿ ಮಾಮ ಇನ್ನೊಂದು ಸುದ್ದಿ ಹಿಡಿದು ಕಾಯುತ್ತಿದ್ದರು. ನಿಯಮಗಳ ಪುಸ್ತಕವನ್ನು ಅವರು ಕೂತಲ್ಲೇ ಓದಿ ಮುಗಿಸಿದ್ದರು. ಇಬ್ಬರಲ್ಲಿ ಒಬ್ಬರು ಫೇಲಾದರೂ ಸಂಸ್ಥೆಗೆ ಲೈಸೆನ್ಸ್ ಇಲ್ಲ.

ಮೇಸ್ತ್ರಿ ಬೆಂಚಿನ ಮೇಲೆ ಕುಸಿದ. ಹೆದರಿಕೊಂಡೇ ಅತ್ತೆಯನ್ನು ಕೇಳಿದ, ಒಪ್ಪಂದದ ಪ್ರಶ್ನೆಗೆ ಏನು ಒತ್ತಿದಿರಿ ಎಂದು. ಅವರು ಹೇಳಿದರು. ಅವನು ಒತ್ತಿದ್ದು ಅದಲ್ಲ. ಇನ್ನೊಂದು ಕೇಳಿದ, ಅದೂ ಬೇರೆ. ಒಟ್ಟು ಏಳು ಪ್ರಶ್ನೆ ಕೇಳಿದ, ಏಳಕ್ಕೂ ಅತ್ತೆಯ ಉತ್ತರ ಬೇರೆ. ಅಲ್ಲಿಗೆ ಮೇಸ್ತ್ರಿಯ ಆಸೆ ಆರಿತು. ಅತ್ತೆ ಫೇಲು, ಖಂಡಿತ ಫೇಲು. ಅವರನ್ನು ಬೈಯುವಂತಿಲ್ಲ, ತಾನೇ ಕಾಲು ಹಿಡಿದು ಕರೆತಂದದ್ದು. ಆ ಐದು ಜನಕ್ಕೆ ಹೇಗೆ ಹೇಳುವುದು, ಯಾರಿಗೆ ಮೊದಲು ಹೇಳುವುದು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿದ. ಜೋಡಿಸಿದ್ದು ಕುಸಿಯಿತು. ಮತ್ತೆ ಜೋಡಿಸಿದ. ಈ ನಡುವೆ ಡಾಕ್ಟರಮ್ಮನ ಫೋನು ಬಂತು. ನಾಲ್ಕಕ್ಕೇ ಮನೆಯ ಹತ್ತಿರ ಬರುತ್ತಾರಂತೆ, ಆ ಬೇರೆ ಕಂಟ್ರಾಕ್ಟರೂ ಜೊತೆಗಿರುತ್ತಾರಂತೆ.

"ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀರಿ? ಬರೆದಾಯ್ತಲ್ಲ," ಎಂದು ಅತ್ತೆ ಸಮಾಧಾನ ಮಾಡಿದರು.

ಎರಡು ಗಂಟೆಗೆ ಗೋಡೆಯ ಪರದೆಯ ಮೇಲೆ ಫಲಿತಾಂಶ ಮೂಡಿತು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ಓದಿದವರು ಅರ್ಜಿ ಮಾಮ. ಮೇಸ್ತ್ರಿಗೆ ಸರಿಯಾಗಿ ಮೂವತ್ತು. ಅತ್ತೆಗೆ ನಲವತ್ತೇಳು. ಇಬ್ಬರೂ ಪಾಸು.

ಮೇಸ್ತ್ರಿ ಕಣ್ಣು ಬಿಟ್ಟು ತಾನೇ ಒಮ್ಮೆ ಓದಿದ. ಎದೆಯ ಮೇಲಿಂದ ಯಾರೋ ಸಿಮೆಂಟಿನ ಮೂಟೆ ಇಳಿಸಿದ ಹಾಗಾಯಿತು. ಮತ್ತೆ ಬೆಂಚಿನ ಮೇಲೇ ಕೂತು ಅತ್ತೆಯ ಎರಡೂ ಕೈ ಹಿಡಿದುಕೊಂಡ. ಅತ್ತೆ ಕೈ ಬಿಡಿಸಿಕೊಳ್ಳಲಿಲ್ಲ. ಆ ಮೂರು ತಪ್ಪು ಯಾವುದಿರಬಹುದು ಎಂದು ಯೋಚಿಸುತ್ತಿದ್ದರು. ಅರ್ಜಿ ಮಾಮ ಇದೆಲ್ಲ ತಮ್ಮ ಕೈಗುಣ ಎನ್ನುವಂತೆ ಪಕ್ಕದವರ ಅರ್ಜಿಯ ಕಡೆ ನೋಡತೊಡಗಿದ್ದರು.

ಸ್ವಲ್ಪ ಹೊತ್ತಿಗೆ ಲೈಸೆನ್ಸ್ ಅಚ್ಚಾಗಿ ಬಂತು, ಇನ್ನೂ ಬಿಸಿಯಾಗಿ. ಅಧಿಕಾರಿಣಿ ಅದನ್ನು ಅತ್ತೆಯ ಕೈಗೆ ಕೊಟ್ಟರು. ಓದುವುದು ಅವರ ಕೆಲಸವೇ ಆದ್ದರಿಂದ ಮೇಸ್ತ್ರಿಗೆ ಬೇಸರವಾಗಲಿಲ್ಲ. ಅತ್ತೆ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. ಸಂಸ್ಥೆಯ ಹೆಸರು, ನಂಬರು, ಅವಧಿ ಒಂದು ವರ್ಷ. ಆಮೇಲೆ ನಿಲ್ಲಿಸಿ, ಒಮ್ಮೆ ಅಳಿಯನನ್ನು ನೋಡಿ ಮುಂದುವರಿಸಿದರು. ಕಾಮಗಾರಿಯ ಹೊಣೆಗಾರರು: ತಮ್ಮ ಹೆಸರು. ಹೊಣೆಗಾರರ ಸಹಾಯಕರು: ಅವನ ಹೆಸರು.

ಎಲ್ಲೋ ಹೆಸರು ಮೇಲೆ ಕೆಳಗೆ ಆಗಿದೆ ಎಂದ ಮೇಸ್ತ್ರಿ.

"ಏನೂ ಆಗಿಲ್ಲ. ಜಾಸ್ತಿ ನಂಬರ್ ಬಂದವರೇ ಹೊಣೆಗಾರರು, ಕಂಪ್ಯೂಟರೇ ಹಾಕುತ್ತೆ," ಎಂದರು ಅಧಿಕಾರಿಣಿ. "ಸಂಸ್ಥೆ ನಿಮ್ಮದೇ ಇರುತ್ತೆ. ಗೋಡೆ ಏಳಬೇಕಾದ್ರೆ ಮಾತ್ರ ಇವರ ಸಹಿ ಬೇಕು. ಪಾಯದಿಂದ ತಾರಸಿಯವರೆಗೆ ಪ್ರತಿ ಹಂತಕ್ಕೂ ಇವರೇ ಬಂದು ನೋಡಬೇಕು."

ಬದಲಾಯಿಸಲು ಅರ್ಜಿ ಇದೆಯೇ ಎಂದು ಮೇಸ್ತ್ರಿ ಕೇಳಿದ. ಇದೆ, ಮುಂದಿನ ವರ್ಷ ನವೀಕರಣದ ಹೊತ್ತಿಗೆ, ಮತ್ತೆ ಪರೀಕ್ಷೆ ಬರೆದು ಇವರಿಗಿಂತ ಹೆಚ್ಚು ನಂಬರ್ ತೆಗೆದರೆ. ಮೇಸ್ತ್ರಿ ನಲವತ್ತೇಳು ಎಂಬ ಅಂಕಿಯನ್ನು ನೆನೆದು ಸ್ಕೂಟರಿನ ಕೀಲಿಗಾಗಿ ಜೇಬು ತಡಕತೊಡಗಿದ.

ಪಕ್ಕದವರ ಅರ್ಜಿಗೆ ಕೂತ ಅರ್ಜಿ ಮಾಮನನ್ನು ಅಲ್ಲೇ ಬಿಟ್ಟು, ಮೇಸ್ತ್ರಿ ಮತ್ತು ಅತ್ತೆ ಇಬ್ಬರೂ ಮೂರೂ ಮುಕ್ಕಾಲಿಗೆ ಡಾಕ್ಟರಮ್ಮನ ಮನೆ ಕಟ್ಟುತ್ತಿದ್ದ ಜಾಗಕ್ಕೆ ಬಂದರು. ನಾಲ್ಕಕ್ಕೆ ಬಂದ ಡಾಕ್ಟರಮ್ಮ ಲೈಸೆನ್ಸನ್ನು ಬೆಳಕಿಗೆ ಹಿಡಿದು, ಎಕ್ಸ್-ರೇ ನೋಡುವ ಹಾಗೆ ನೋಡಿದರು. ಹೊಣೆಗಾರರು ಯಾರು ಎಂದು ಕೇಳಿ ತಿಳಿದುಕೊಂಡರು. ಅವರ ಮುಖ ಒಂದು ತಿಂಗಳಲ್ಲಿ ಮೊದಲ ಬಾರಿಗೆ ಸಡಿಲಾಯಿತು. ಹೆಂಗಸರೊಬ್ಬರು ನೋಡಿಕೊಳ್ಳುವುದಾದರೆ ಅಡುಗೆಮನೆಯ ಕಟ್ಟೆಯ ಎತ್ತರವನ್ನು ಇನ್ನು ಮೂರು ಸಲ ಹೇಳಬೇಕಾಗಿಲ್ಲ ಎಂದು, ಜೊತೆಗೆ ಬಂದಿದ್ದ ಕಂಟ್ರಾಕ್ಟರನ್ನು ಅಲ್ಲಿಂದಲೇ ಬೀಳ್ಕೊಟ್ಟರು. ಆ ಕಂಟ್ರಾಕ್ಟರು ಗೇಟು ದಾಟುತ್ತಲೇ ಐದು ಜನ ಆಳುಗಳೂ ಒಂದೇ ಸಲ ಉಸಿರು ಬಿಟ್ಟರು. ಒಬ್ಬನಂತೂ ಖುಷಿಗೆ ಖಾಲಿ ಬುಟ್ಟಿಯನ್ನೇ ತಲೆಯ ಮೇಲಿಟ್ಟುಕೊಂಡು ಎರಡು ಸುತ್ತು ಹಾಕಿದ. ಅದನ್ನು ನೋಡಿ ಮೇಸ್ತ್ರಿಗೂ ನಗು ಬಂತು. ಕೆಲಸ ಉಳಿಯಿತು, ಜನ ಉಳಿದರು. ಹೆಸರು ಮೇಲಿದ್ದರೇನು, ಕೆಳಗಿದ್ದರೇನು?

ಅಷ್ಟರಲ್ಲಿ ಅತ್ತೆ ಮನೆಯನ್ನು ಒಂದು ಸುತ್ತು ಹಾಕಿ ಬಂದಿದ್ದರು. ಗೋಡೆಗೆ ಮೂರು ದಿನದಿಂದ ನೀರು ಹಾಕಿಲ್ಲ ಎಂದರು. ಮಲಗುವ ಕೋಣೆಯ ಮೂಲೆ ಒಂದೂವರೆ ಇಂಚು ಹೊರಗೆ ಹೋಗಿದೆ, ಮೇಲಿನ ನಾಲ್ಕು ವರಸೆ ಇಟ್ಟಿಗೆ ಬಿಚ್ಚಿ ಮತ್ತೆ ಕಟ್ಟಬೇಕು, ಹಾಗೇ ಇದ್ದರೆ ತಾವು ಸಹಿ ಹಾಕುವುದಿಲ್ಲ ಎಂದರು. ಬಿಚ್ಚಿ ಹೊಲಿಯದೆ ಸರಿಹೋದ ಅಂಗಿಯ ತೋಳು ತಾವು ನೋಡಿಲ್ಲವಂತೆ. ಡಾಕ್ಟರಮ್ಮ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದರು. ಮೇಸ್ತ್ರಿ ತೋಳು ಮಡಿಸಿ, ಪೈಪು ಎಳೆದುಕೊಂಡು ಗೋಡೆಗೆ ನೀರು ಬಿಡತೊಡಗಿದ.

ಆಳುಗಳು ಕೈಕಾಲು ತೊಳೆದು ಹೊರಟರು. ಅವರಲ್ಲಿ ಹಿರಿಯವನು ಮೇಸ್ತ್ರಿಯ ಹತ್ತಿರ ಬಂದು, "ನಾಳೆ ಎಷ್ಟೊತ್ತಿಗೆ ಬರಬೇಕು?" ಎಂದು ಕೇಳಿದ. ಮೇಸ್ತ್ರಿ ಬಾಯಿ ತೆರೆದವನು, ಏನೋ ನೆನಪಾಗಿ ಅತ್ತೆಯ ಕಡೆ ನೋಡಿದ.

"ಎಂಟು ಗಂಟೆಗೆ ಬನ್ನಿ," ಎಂದರು ಅತ್ತೆ. ಆಮೇಲೆ ಪೈಪು ಹಿಡಿದಿದ್ದವನ ಕಡೆ ತಿರುಗಿ, ಸ್ವಲ್ಪ ಮೆತ್ತಗೆ ಸೇರಿಸಿದರು. "ನೀವೂ ಎಂಟಕ್ಕೇ, ಅಳಿಯಂದಿರೇ."