ಅಮೀರ್ ಅಲಿ ಸಾಹೇಬರು ಬೇರಿಗೆ ಕೈ ಹಾಕಿದ್ದು

"ಇಂಗ್ಲಿಷ್ ಅಂದ್ರ ತೊಗರಿ ಗಿಡ ಇದ್ದಂಗ. ಒಂದೊಂದೇ ಎಲಿ ಎಣಿಸ್ಕೊತ ಕುಂತ್ರ ಮುದುಕ ಆಗ್ತೀರಿ. ಬೇರು ಹಿಡೀರಿ, ಜಗ್ಗ್ರಿ! ಇಡೀ ಗಿಡ ಕೈಯಾಗ ಬರ್ತದ!"

ಸೇಡಂನ ಅಮೀರ್ ಅಲಿ ಸಾಹೇಬರು ಹೀಗೆ ಘೋಷಿಸಿದ್ದು ತಮ್ಮ ಮನೆಯ ಅಂಗಳದಲ್ಲಿ, ಚಹಾದ ಬಸಿ ಕೈಯಲ್ಲಿ ಹಿಡಿದು. ಕೇಳುತ್ತಿದ್ದವರು ಇಬ್ಬರು: ಮಾಳಿಗೆ ಕೋಣೆಯ ಬಾಡಿಗೆದಾರ, ಚೀನಾದ ಎಂಜಿನಿಯರ್ ತಾಂಗ್, ಮತ್ತು ಪಕ್ಕದ ಮನೆಯ ಒಂದು ಆಡು. ಆಡು ಅರ್ಧಕ್ಕೇ ಎದ್ದು ಹೋಯಿತು.

ತಾಂಗ್ ಊರ ಹೊರಗಿನ ಸಿಮೆಂಟ್ ಕಾರ್ಖಾನೆಗೆ ಹೊಸ ಯಂತ್ರ ಕೂಡಿಸಲು ಬಂದವನು. ಇಂಗ್ಲಿಷ್ ಪರೀಕ್ಷೆಯೊಂದನ್ನು ಪಾಸು ಮಾಡಿದರೆ ಅವನ ಕಂಪನಿ ಅವನನ್ನು ದೊಡ್ಡ ಹುದ್ದೆಗೆ ಏರಿಸುವುದಿತ್ತು. ಅದಕ್ಕಾಗಿ ಕಠಿಣ ಶಬ್ದಗಳ ದಪ್ಪ ಪುಸ್ತಕವೊಂದನ್ನು ಊರಿಂದಲೇ ಹೊತ್ತು ತಂದಿದ್ದ. ಆದರೆ ಪ್ರತಿ ಸಲವೂ ಮೊದಲನೆಯ ಶಬ್ದ 'ಅಬ್ಯಾಂಡನ್' ಮುಗಿಯುವಷ್ಟರಲ್ಲಿ ಪುಸ್ತಕ ಮುಚ್ಚುತ್ತಿದ್ದ. ಆ ಶಬ್ದದ ಅರ್ಥವೂ 'ಕೈಬಿಡು' ಎಂದೇ ಆದ್ದರಿಂದ ಅವನನ್ನು ತಪ್ಪೆನ್ನುವಂತಿರಲಿಲ್ಲ.

ಅಮೀರ್ ಅಲಿ ಸಾಹೇಬರು ನಿವೃತ್ತ ಇಂಗ್ಲಿಷ್ ಮಾಸ್ತರರು. ನಿವೃತ್ತಿಯಾದ ಮೇಲೆ ಕಲಿಸಲು ಯಾರೂ ಸಿಗದೆ ಬಾಯಿ ತುರಿಸುತ್ತಿತ್ತು. ಈಗ ಒಂದು ದೇಶವೇ ಮಾಳಿಗೆ ಇಳಿದು ಬಂದಿದೆ! ಬಿಟ್ಟಾರೆಯೇ?

"ನಿಮಗ್ಯಾಕ್ರೀ ಈ ಉಸಾಬರಿ?" ಎಂದರು ಹೆಂಡತಿ ನಜಮುನ್ನೀಸಾ. "ಆ ಹುಡುಗ ಸುಮ್ಕ ತನ್ನ ಪಾಡಿಗಿ ತಾ ಹಾನ. ಕಲಿಸಿ ಓಡಸಬ್ಯಾಡ್ರಿ."

"ನೀ ನೋಡ್ತಿರು. ಈ ಹುಡುಗ ಪಾಸಾದ್ರ ಚೀನಾದಾಗ ನನ್ನ ಹೆಸರು ಹೇಳ್ತಾರ."

ಮೊದಲನೆಯ ಬೇರು 'ಸೈಡ್'. ಕೊಲ್ಲುವುದು ಎಂದು ಅರ್ಥ. ಸಾಹೇಬರು ಗೋಣಿನ ಮೇಲೆ ಬೆರಳು ಎಳೆದು ತೋರಿಸಿದರು. "ಇನ್ಸೆಕ್ಟಿಗೆ ಸೈಡ್ ಹಚ್ಚಿದ್ರ ಹುಳದ ಕಥಿ ಮುಗೀತು, ಇನ್ಸೆಕ್ಟಿಸೈಡ್! ಫಂಗಸ್ಸಿಗೆ ಹಚ್ಚಿದ್ರ ಬೂಸಲಿನ ಕಥಿ ಮುಗೀತು, ಫಂಗಿಸೈಡ್! ಹೋಮೋ ಅಂದ್ರ ಮನುಷ್ಯಾ. ಅದಕ್ಕ ಹಚ್ಚಿದ್ರ?"

"ಹೋಮಿಸೈಡ್!" ಎಂದು ತಾಂಗ್ ಎದ್ದು ನಿಂತುಬಿಟ್ಟ. ಚೀನೀ ಭಾಷೆಯಲ್ಲೂ ಪದ್ಧತಿ ಇದೇ ಅಂತೆ. ಕೊಲ್ಲುವುದಕ್ಕೆ ಅಲ್ಲಿ 'ಶಾ'. ಶಾ ಜೊತೆ ಹುಳ ಸೇರಿಸಿದರೆ ಹುಳದ ಔಷಧ, ತನ್ನನ್ನು ತಾನೇ ಸೇರಿಸಿಕೊಂಡರೆ ಆತ್ಮಹತ್ಯೆ. ಇಷ್ಟು ಸರಳವಾದ ಸಂಗತಿಯನ್ನು ಯಾರೂ ತನಗೆ ಹೇಳಿರಲಿಲ್ಲ ಎಂದು ಅವನ ಕಣ್ಣುಗಳು ತೇವವಾದವು. ಸಾಹೇಬರವೂ ಆದವು.

ಒಳಗಿನಿಂದ ಮಗಳು ಮಹೆವಿಶ ಬಂದಳು. ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದವಳು.

"ಅಬ್ಬಾ, ಬರೇ ಬಾಯಿಲೆ ಹೇಳಬ್ಯಾಡ್ರಿ. ಬರದು ತೋರಸ್ರಿ. 'ಬಾಜೂಕ ಸರಿ' ಅನ್ನೋ ಸೈಡೂ ಕೇಳಾಕ ಹಿಂಗೇ ಅದ," ಎಂದಳು ತಂದೆಗೆ.

"ಬರಿಯೋದು ಆಮ್ಯಾಲ. ಮೊದಲ ಕಿವಿ ತಯಾರಾಗಬೇಕು!"

ಕಿವಿ ತಯಾರಾಯಿತು. ಮೆಟ್ಟಿಲ ಮೇಲಾಗಲಿ, ಬಚ್ಚಲಿನ ಬಾಗಿಲಲ್ಲಾಗಲಿ, ಸಾಹೇಬರು "ಸೈಡ್ ಅಂದ್ರ?" ಎಂದು ಗುಡುಗಿದರೆ ತಾಂಗ್ "ಕಿಲ್!" ಎನ್ನಲೇಬೇಕು. ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇದ್ದರೂ ಅನ್ನುತ್ತಿದ್ದ.

ಆ ಭಾನುವಾರ ಮಹೆವಿಶಳನ್ನು ನೋಡಲು ಚಿತ್ತಾಪುರದಿಂದ ಬೀಗರಾಗುವವರು ಬರುವುದಿತ್ತು. ಹುಡುಗ ತೌಸೀಫ್, ವಾಡಿಯಲ್ಲಿ ರೈಲ್ವೆ ನೌಕರ. ತಂದೆ ಮುಕ್ರಮ ಸಾಹೇಬರು ಪೊಲೀಸ್ ಇಲಾಖೆಯಿಂದ ನಿವೃತ್ತರು, ತಾಯಿ ಹಸೀನಾಬೇಗಂ. ಒಳ್ಳೆಯ ಮನೆತನ. ಮಕ್ಕಳು ಫೋನಿನಲ್ಲಿ ಮಾತಾಡಿ ಪರಸ್ಪರ ಒಪ್ಪಿಯೂ ಆಗಿತ್ತು; ಹಿರಿಯರು ಬಿರ್ಯಾನಿ ಉಂಡು ಹೂಂ ಅನ್ನುವುದಷ್ಟೇ ಬಾಕಿ.

ನಜಮುನ್ನೀಸಾ ಮುಂಜಾನೆಯಿಂದ ಮಟನ್ ಕತ್ತರಿಸುತ್ತಿದ್ದರು. ಬಿರ್ಯಾನಿಯ ದೊಡ್ಡ ಪಾತ್ರೆ ಪಡಸಾಲೆಯ ಕಪಾಟಿನಲ್ಲಿತ್ತು. ಕಪಾಟಿನ ಮುಂದೆ ಕುರ್ಚಿ ಹಾಕಿಕೊಂಡು, ಊಟಕ್ಕೆ ಕರೆದಿದ್ದರಿಂದ ಬಿಳಿ ಶರ್ಟು ತೊಟ್ಟು, ತಾಂಗ್ ಪುಸ್ತಕ ಓದುತ್ತಿದ್ದ. ನಜಮುನ್ನೀಸಾ ಅವಸರದಲ್ಲಿ ಚೂರಿ ಹಿಡಿದೇ ಬಂದರು. ಕೈ ಕೆಂಪಗಿತ್ತು.

"ತಾಂಗ್ ಸಾಬ್, ಜರಾ ಸೈಡ್!"

ತಾಂಗ್ ತಲೆ ಎತ್ತಿದ. ಮುಖ ಬಿಳಿಚಿಕೊಂಡಿತು. ಕದಲಲಿಲ್ಲ.

ಕೇಳಿಸಿಲ್ಲವೇನೋ ಎಂದು ಅವರು ದನಿ ಏರಿಸಿ, ಯಾವ ಕಡೆ ಸರಿಯಬೇಕೆಂದು ಚೂರಿಯಿಂದಲೇ ತೋರಿಸಿದರು. "ಸೈಡ್! ಸೈಡ್!"

ಒಳಗೆ ಶೇರವಾನಿಗೆ ಇಸ್ತ್ರಿ ಮಾಡುತ್ತಿದ್ದ ಅಮೀರ್ ಅಲಿ ಸಾಹೇಬರ ಕಿವಿಗೆ ಆ ಶಬ್ದ ಬಿತ್ತು. ಮಾಸ್ತರಿಕೆ ರಕ್ತದಲ್ಲಿತ್ತು. ಅಲ್ಲಿಂದಲೇ ಗುಡುಗಿದರು: "ಸೈಡ್ ಅಂದ್ರ?"

"ಕಿಲ್!" ಎಂದ ತಾಂಗ್. ಎಂದವನೇ ಓಡಿದ.

ಒಂದು ಚಪ್ಪಲಿ ಹೊಸ್ತಿಲಲ್ಲಿ ಉಳಿಯಿತು. ಇಂಗ್ಲಿಷ್ ಸಾಲದಾದಾಗ ಚೀನೀ ಮಾತನ್ನು ಕನ್ನಡ, ಕನ್ನಡವನ್ನು ಚೀನೀ ಮಾಡಿ ಹೇಳುವ ಅವನ ಫೋನು ಚಾರ್ಜಿಗೆ ಹಾಕಿದಲ್ಲೇ ಉಳಿಯಿತು. ಬೀದಿಗೆ ಬಿದ್ದರೆ ಹಿಂದೆ ಹಾರ್ನ್ ಕೆಟ್ಟ ಆಟೋ ಒಂದು ಬರುತ್ತಿತ್ತು. ಆಟೋದವನು ತಲೆ ಹೊರಗೆ ಹಾಕಿ ಕೂಗಿದ, "ಏ ಸೈಡ್! ಸೈಡ್!" ತಾಂಗನಿಗೆ ಈಗ ವಿಷಯ ಸ್ಪಷ್ಟವಾಯಿತು. ಇದು ಒಂದು ಮನೆಯ ಸಂಚಲ್ಲ, ಊರಿನದೇ!

ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ಇದ್ದವನು ಹಣಮಪ್ಪ. ತಾಂಗ್ ಏದುಸಿರು ಬಿಡುತ್ತ ಬಂದು ನಿಂತ. 'ಕಿಲ್' ಎಂಬ ಸಣ್ಣ ಶಬ್ದ ಹೇಳಿದ್ದರೆ ಕೆಲಸ ಆಗುತ್ತಿತ್ತು. ಆದರೆ ಅವನು ಒಳ್ಳೆಯ ವಿದ್ಯಾರ್ಥಿ. ಪರೀಕ್ಷೆಗೆ ಬರುವಂಥ ಶಬ್ದವನ್ನೇ ಆರಿಸಿದ.

"ಹೋಮಿಸೈಡ್! ಹೋಮಿಸೈಡ್!"

"ಹೋಮ್ ಸೈಡಾ? ಮನಿ ಕಡಿಗೇನ್ರಿ?" ಹಣಮಪ್ಪ ಅವನ ಬರಿಗಾಲು ನೋಡಿ ಮರುಗಿದ. "ಬಿಸಲಾಗ ನಡಕೊಂಡು ಯಾಕ ಬಂದ್ರಿ? ಕುಂದ್ರಿ, ಜೀಪಿನಾಗ ಬಿಟ್ಟು ಬರ್ತೀನಿ."

ಪೊಲೀಸ್ ಠಾಣೆಗೇ ಒಯ್ಯುತ್ತಾನೆಂದು ತಾಂಗ್ ಸಮಾಧಾನದಿಂದ ಕುಳಿತ. ಕೈ ಮುಗಿದು ಧನ್ಯವಾದವನ್ನೂ ಹೇಳಿದ. ಜೀಪು ಬಂದು ನಿಂತದ್ದು ಅಮೀರ್ ಅಲಿ ಸಾಹೇಬರ ಬಾಗಿಲಲ್ಲಿ!

ಅದೇ ಹೊತ್ತಿಗೆ ಚಿತ್ತಾಪುರದವರ ಕಾರೂ ಬಂತು. ಬೀಗರು ಇಳಿದು ನೋಡಿದರೆ, ಒಬ್ಬ ಚೀನಾದವನು ಜೀಪಿನ ಸರಳು ತಬ್ಬಿಕೊಂಡು "ಹೋಮಿಸೈಡ್!" ಎಂದು ಕಿರುಚುತ್ತಿದ್ದಾನೆ, ಕಾವಲುಗಾರನೊಬ್ಬ "ಹೌದ್ರಿ, ಹೋಮ್ ಸೈಡೇ ಬಂದೀವಿ, ಇಳೀರಿ" ಎಂದು ಕಾಲು ಹಿಡಿದು ಜಗ್ಗುತ್ತಿದ್ದಾನೆ. ಮುಕ್ರಮ ಸಾಹೇಬರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಆ ಒಂದು ಶಬ್ದದೊಂದಿಗೆ ಸರ್ವೀಸು ಪೂರ್ತಿ ಕಳೆದಿದ್ದರು.

"ಖೂನ್?" ಎಂದರು.

ಗದ್ದಲ ಕೇಳಿ ನಜಮುನ್ನೀಸಾ ಬಾಗಿಲಿಗೆ ಬಂದರು. ಬೀಗರನ್ನು ಕಂಡ ಸಂಭ್ರಮದಲ್ಲಿ ಕೈಯಲ್ಲಿದ್ದುದನ್ನು ಮರೆತು, "ಬರ್ರಿ, ಬರ್ರಿ! ಒಳಗ ಬರ್ರಿ!" ಎಂದರು.

ಯಾರೂ ಒಳಗೆ ಬರಲಿಲ್ಲ.

"ಬಾಯೀ, ಮೊದಲ ಆ ಚೂರಿ ತೆಳಗ ಇಡ್ರಿ," ಎಂದರು ಮುಕ್ರಮ ಸಾಹೇಬರು. "ಯಾರಿಗಿ ಕಡದೀರಿ?"

"ಯಾರಿಗ್ಯಾಕ ಕಡೀಲ್ರಿ? ಮಟನ್ ಕಡದೀನಿ. ನಿಮ್ಮ ಸಲುವಾಗೇ."

"ಈ ಮನಷ್ಯಾಗ ಏನ್ ಮಾಡೀರಿ?"

"ಸೈಡ್ ಅಂದೆ."

"ಶಿ ಸೇ ಸೈಡ್!" ಎಂದ ತಾಂಗ್.

"ನನಗ ಹೋಮ್ ಸೈಡ್ ಅಂದ್ರು," ಎಂದ ಹಣಮಪ್ಪ.

ಮೂವರೂ ಸತ್ಯವನ್ನೇ ಹೇಳುತ್ತಿದ್ದರು. ಇಂಥ ಕೇಸು ಮುಕ್ರಮ ಸಾಹೇಬರ ಸರ್ವೀಸಿನಲ್ಲಿ ಬಂದಿರಲಿಲ್ಲ.

ಆಗ ಅಮೀರ್ ಅಲಿ ಸಾಹೇಬರು ಅರ್ಧ ಇಸ್ತ್ರಿಯಾದ ಶೇರವಾನಿಯಲ್ಲಿ ಹೊರಗೆ ಬಂದರು. "ಗಾಬರಿ ಆಗಬ್ಯಾಡ್ರಿ! ಇದೆಲ್ಲಾ ಬರೇ ವ್ಯಾಕರಣ. ನಾನೇ ಕಲಿಸೀನಿ. ನೋಡ್ರಿ, ಸೈಡ್ ಅಂದ್ರ..." ಎಂದು ಗೋಣಿನ ಮೇಲೆ ಬೆರಳು ಎಳೆದರು.

"ಕಿಲ್!" ಎಂದ ತಾಂಗ್, ಅಳುದನಿಯಲ್ಲಿ.

ಹಸೀನಾಬೇಗಂ ಕಾರಿನೊಳಗೆ ಕುಳಿತು ಬಾಗಿಲು ಹಾಕಿಕೊಂಡರು. ತೌಸೀಫ್ ಒಮ್ಮೆ ತಾಯಿಯನ್ನು, ಒಮ್ಮೆ ಮನೆಯ ಬಾಗಿಲನ್ನು ನೋಡಿದ. ಮದುವೆ ಕೈ ಬಿಟ್ಟು ಹೋಗುತ್ತಿರುವುದು ಅವನಿಗೂ ಕಾಣುತ್ತಿತ್ತು.

ಒಳಗೆ ಸಿಂಗರಿಸಿಕೊಂಡು ಕುಳಿತಿದ್ದ ಮಹೆವಿಶಳಿಗೂ ಕಂಡಿತು. ದುಪ್ಪಟ್ಟಾ ಸರಿಮಾಡಿಕೊಂಡು ನೇರ ಜೀಪಿನ ಹತ್ತಿರ ಬಂದಳು. ಬಾನೆಟ್ಟಿನ ಮೇಲೆ ಬೆರಳು ಹೂತುಹೋಗುವಷ್ಟು ಸಿಮೆಂಟಿನ ದೂಳಿತ್ತು. ಅದರಲ್ಲಿ ಎರಡು ಶಬ್ದ ಬರೆದಳು. ಒಂದರ ಶುರುವಿಗೆ ಎಸ್, ಇನ್ನೊಂದರ ಶುರುವಿಗೆ ಸಿ.

"ಮಿಸ್ಟರ್ ತಾಂಗ್, ಇದು ಕೊಲ್ಲೋದು," ಎಂದು ಸಿ ಇದ್ದದ್ದನ್ನು ತೋರಿಸಿ, ಸಾವಕಾಶ, ಸುಲಭ ಇಂಗ್ಲಿಷಿನಲ್ಲಿ ಹೇಳಿದಳು. "ಇದು ಒಬ್ಬಂಟಿ ಎಲ್ಲೂ ತಿರಗೂದಿಲ್ಲ. ಯಾವಾಗ್ಲೂ ಬ್ಯಾರೆ ಶಬ್ದದ ಬಾಲಕ್ಕ ಇರ್ತದ. ಇನ್ನೊಂದು ಬರೇ 'ಸರಕೋ' ಅಂತ. ಅಮ್ಮಿ ಅಂದಿದ್ದು ಅದನ್ನ."

ತಾಂಗ್ ಬಹಳ ಹೊತ್ತು ದೂಳು ನೋಡಿದ. ನಿಧಾನಕ್ಕೆ ಸರಳು ಬಿಟ್ಟ. ಅವನ ಭಾಷೆಯಲ್ಲಿ ಒಂದೇ ದನಿಯ ಶಬ್ದಗಳು ರಾಶಿ ರಾಶಿ ಇವೆಯಂತೆ. ಅಲ್ಲಿ ಅನುಮಾನ ಬಂದರೆ 'ಯಾವ ಅಕ್ಷರ?' ಎಂದು ಕೇಳುತ್ತಾರಂತೆ. ಚೂರಿ ನೋಡಿ ಕೇಳುವುದು ಮರೆತೆ ಎಂದು, ಕೆಂಪೇರಿದ ಮುಖದಲ್ಲಿ ನಜಮುನ್ನೀಸಾರಿಗೆ ಬಾಗಿ ನಮಸ್ಕರಿಸಿದ.

"ಇರ್ಲಿ ಬಿಡಪ್ಪ," ಎಂದರು ಅವರು. "ಮೊದಲ ಕಾಲು ತೊಳಕೊ. ಉಣ್ಣಾಕ ಬಾ."

ಬೀಗರಿಗೂ ವಿಷಯ ತಿಳಿಯಿತು; ಹಸೀನಾಬೇಗಂ ಕಾರಿನಿಂದ ಇಳಿದರು. ಊಟಕ್ಕೆ ಎಲ್ಲರೂ ಕುಳಿತರು. ಹಣಮಪ್ಪನನ್ನೂ ಕೂಡಿಸಿಕೊಂಡರು. ಬಿರ್ಯಾನಿ ಹೊಟ್ಟೆ ಸೇರಿದಂತೆ ಮುಕ್ರಮ ಸಾಹೇಬರ ಮುಖ ತಿಳಿಯಾಯಿತು.

"ಹುಡುಗಿ ಭಾಳ ಶಾಣ್ಯಾ ಇದ್ದಾಳ್ರಿ. ಎಷ್ಟು ಚಲೋ ತಿಳಿಸಿ ಹೇಳಿದ್ಲು!"

ಅಮೀರ್ ಅಲಿ ಸಾಹೇಬರ ಎದೆ ಉಬ್ಬಿತು. "ಯಾಕಾಗಬಾರದು? ಆಕಿ ಇಂಗ್ಲಿಷ್ ಪೂರಾ ನಂದೇ. ನಾನೇ ಕಲಿಸಿದ್ದು!"

ಹಸೀನಾಬೇಗಂ ಬಾಯಿಗೆ ಒಯ್ಯುತ್ತಿದ್ದ ತುತ್ತು ಅರ್ಧದಲ್ಲೇ ನಿಂತಿತು. ಗಂಡನ ಮುಖ ನೋಡಿದರು. ಮುಕ್ರಮ ಸಾಹೇಬರು ಕೆಮ್ಮಿದರು. "ಹಂಗೇನು... ಹಂಗಾದ್ರ ಜರಾ ಮನಿಗಿ ಹೋಗಿ ವಿಚಾರ ಮಾಡಿ ಹೇಳ್ತೀವ್ರಿ."

"ಇಲ್ರಿ! ಇಲ್ಲ!" ನಜಮುನ್ನೀಸಾ ಸೌಟು ಹಿಡಿದೇ ನಡುವೆ ಬಂದರು. "ಅಲ್ಲಾನ ಆಣಿ, ಇವ್ರು ಒಂದಕ್ಷರ ಕಲಿಸಿಲ್ರಿ! ಹೈಸ್ಕೂಲಿನಿಂದ ದಾನಮ್ಮ ಟೀಚರ್ ಕಡಿ ಟ್ಯೂಷನ್ ಹಚ್ಚೀನಿ!"

"ಯಾವಾಗ?" ಎಂದರು ಅಮೀರ್ ಅಲಿ ಸಾಹೇಬರು. "ಆಕಿ ಸಂಜಿಮುಂದ ಹೊಲಿಗಿ ಕ್ಲಾಸಿಗಿ ಹೋಗ್ತಿದ್ಲಲ್ಲ?"

"ಅದೇರಿ ಅದು."

ಸಾಹೇಬರು ಮಗಳ ಕಡೆ ನೋಡಿದರು. ಮಗಳು ತಟ್ಟೆಯ ಕಡೆ ನೋಡಿದಳು. ಅಷ್ಟು ವರ್ಷಗಳ ಹೊಲಿಗೆಯಲ್ಲಿ ಮನೆಗೆ ಒಂದು ಕರವಸ್ತ್ರವೂ ಬಂದಿರಲಿಲ್ಲ ಎಂಬುದು ಅವರಿಗೆ ಈಗ ಹೊಳೆಯಿತು.

ಹಸೀನಾಬೇಗಂ ದೊಡ್ಡ ಉಸಿರು ಬಿಟ್ಟು, "ಹಂಗಾದ್ರ ನಮ್ಮದು ಹೂಂ ಅದ. ಇನ್ನಷ್ಟು ಬಿರ್ಯಾನಿ ಹಾಕ್ರಿ," ಎಂದರು. ತೌಸೀಫ್ ತಲೆ ತಗ್ಗಿಸಿ ನಕ್ಕ. ನಜಮುನ್ನೀಸಾ ಎಲ್ಲರ ಬಾಯಿಗೂ ಮಿಠಾಯಿ ಇಟ್ಟರು, ಗಂಡನ ಬಾಯಿಗೆ ಮಾತ್ರ ಎರಡು.

'ಟೀಚರ್', 'ಟ್ಯೂಷನ್' ಎಂಬ ಶಬ್ದಗಳು ಕಿವಿಗೆ ಬಿದ್ದಿದ್ದ ತಾಂಗ್ ಆ ಗಡಿಬಿಡಿಯಲ್ಲಿ ಎದ್ದು, ಚಾರ್ಜಿಗಿದ್ದ ಫೋನು ತಂದು, ಅದರೊಳಗೆ ಚೀನೀ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿ, ಸಾಹೇಬರ ಮುಂದೆ ಬಹಳ ವಿನಯದಿಂದ ಹಿಡಿದ. ಫೋನು ಅಚ್ಚ ಕನ್ನಡದಲ್ಲಿ ಕೇಳಿತು:

"ಪೂಜ್ಯ ಗುರುಗಳೇ, ದಾನಮ್ಮ ಶಿಕ್ಷಕಿಯವರ ವಿಳಾಸ ದೊರೆಯಬಹುದೇ?"